ಸರ ತೆಗೆಯದೆ ಬಿಟ್ಟ ಗಣಪ

ನನ್ನ ಬಿಂದೂ,

ಓದಲು ಕಲಿತ ಮೇಲೆ ಇದನ್ನು ಓದುವೆಯಂತೆ. ಈಗ ನಿನ್ನಜ್ಜಿ ನಾರಾಯಣಮ್ಮನವರ ತೊಡೆಯ ಮೇಲೆ ನಿದ್ದೆ ಹೋಗಿದ್ದೀಯ. ನಾನೂ ಮಲಗಬೇಕಿತ್ತು. ಆದರೆ ನೀನು ಹುಟ್ಟಿದಾಗಿನಿಂದ ನನಗೆ ಕಣ್ಣು ಮುಚ್ಚಿದರೂ ಕಿವಿ ಮುಚ್ಚುವುದಿಲ್ಲ. ಉಸಿರಾಡುತ್ತಿದ್ದೀಯಾ ಎಂದು ನಿನ್ನ ಮೂಗಿನ ಕೆಳಗೆ ಬೆರಳಿಟ್ಟು ನೋಡುವವಳು ನಾನು.

ಅಂಥ ಹೊತ್ತಿನಲ್ಲಿ ಸಮಾಧಾನ ಕೊಡುತ್ತಿದ್ದುದು ಒಂದೇ ಸದ್ದು: ನೀನಿನ್ನೂ ಹೊಟ್ಟೆಯಲ್ಲಿದ್ದಾಗ ಸ್ಕ್ಯಾನಿಂಗ್ ಕೋಣೆಯಲ್ಲಿ ರೆಕಾರ್ಡ್ ಮಾಡಿಕೊಂಡ ನಿನ್ನ ಎದೆಬಡಿತ. ನನ್ನ ಫೋನು ಬಕೆಟ್ಟಿಗೆ ಬಿದ್ದ ಮೇಲೆ ಅದು ಲ್ಯಾಪ್‌ಟಾಪಿನಲ್ಲಿ ಮಾತ್ರ ಉಳಿದಿತ್ತು. ಮೊನ್ನೆ ಅದೂ ಮೇಲೇಳಲಿಲ್ಲ. ರಿಪೇರಿಯವನು, "ಫಾರ್ಮ್ಯಾಟ್ ಮಾಡ್ಬೇಕು ಮೇಡಂ, ಒಳಗಿರೋದೆಲ್ಲ ಹೋಗತ್ತೆ" ಅಂದ. ಎತ್ತಿಕೊಂಡು ಬಂದುಬಿಟ್ಟೆ.

ಬಿಟಿಎಂ ಲೇಔಟಿನ ಗೆಳತಿ ಮಧುಮತಿ, ವಿಂಡೋಸ್ ಬದಲು ಕಂಪ್ಯೂಟರ್ ನಡೆಸಬಲ್ಲ ಲಿನಕ್ಸ್ ತುಂಬಿದ ಪೆನ್‌ಡ್ರೈವ್ ಕೊಟ್ಟಳು. "ಇದು ತನ್ನಷ್ಟಕ್ಕ ತಾನ ಶುರು ಆಗ್ತೈತಿ, ನಿನ್ನ ಡಿಸ್ಕ್ ಮುಟ್ಟಂಗಿಲ್ಲ. ಇನ್‌ಸ್ಟಾಲ್ ಅಂತ ಮಾತ್ರ ಒತ್ತಬ್ಯಾಡ ಮತ್ತ!"

ಇವತ್ತು ಮಧ್ಯಾಹ್ನ ಅದನ್ನು ಚುಚ್ಚಿದೆ. ಪರದೆಯ ಮೇಲೆ ಎರಡು ಆಯ್ಕೆ: ಸುಮ್ಮನೆ ಬಳಸಿ ನೋಡು, ಇಲ್ಲವೇ ಇನ್‌ಸ್ಟಾಲ್ ಮಾಡು. ಪಕ್ಕದಲ್ಲಿದ್ದ ಅಜ್ಜಿ ಕೇಳಿದರು, "ಇದೇನಮ್ಮ ಎರಡು?"

"ಒಂದು ಬಂದು ಹೋಗತ್ತೆ ಅತ್ತೆ, ಇನ್ನೊಂದು ಇಲ್ಲೇ ಕೂತ್ಬಿಡತ್ತೆ."

"ಒಂದು ಮಣ್ಣಿನ ಗಣಪ, ಇನ್ನೊಂದು ಗುಡಿ ಗಣಪ ಅನ್ನು!"

ಮಣ್ಣಿನ ಗಣಪನನ್ನೇ ಆರಿಸಿದೆ. ಸತ್ತಂತಿದ್ದ ಯಂತ್ರ ಬೆಳಗಿತು. ಹಳೆಯ ಡಿಸ್ಕಿನೊಳಗೆ ನಿನ್ನ ಸದ್ದು ಸಿಕ್ಕಿತು. ಲಿನಕ್ಸಿನ ಡೆಸ್ಕ್‌ಟಾಪಿಗೆ ಕಾಪಿ ಮಾಡಿ, ಗೆದ್ದೆ ಎಂದುಕೊಂಡು ಆಫ್ ಮಾಡಿದೆ. ಮತ್ತೆ ಆನ್ ಮಾಡಿದರೆ ಡೆಸ್ಕ್‌ಟಾಪ್ ಸಾರಿಸಿದ ಅಂಗಳದಂತೆ ಖಾಲಿ! ಆಫ್ ಮಾಡಿದರೆ ತನ್ನಲ್ಲಿಟ್ಟಿದ್ದನ್ನೂ ಕರೆದುಕೊಂಡೇ ಹೋಗುವ ಅತಿಥಿ ಅದು. "ಇಟ್ಟಿದ್ದೆಲ್ಲ ಹೋಯ್ತು ಅತ್ತೆ!" ಅಂದೆ.

ಅಜ್ಜಿ ನಕ್ಕರು: "ಅಯ್ಯೋ ಹುಚ್ಚಿ, ಕೊರಳಿಗೆ ಹಾಕಿದ ಚಿನ್ನದ ಸರ ತೆಗೀದೆ ಗಣಪನ್ನ ಯಡಿಯೂರು ಕೆರೆಗೆ ಬಿಟ್ಬಂದ್ಯಲ್ಲೇ!"

ನನಗೂ ನಗು ಬಂತು. ನಗುವಿನ ಜೊತೆ ಬುದ್ಧಿಯೂ ಬಂತು. ಮುಳುಗಿದ್ದು ನಕಲು. ಅಸಲು ಡಿಸ್ಕಿನಲ್ಲಿ ಹಾಗೇ ಇತ್ತು, ಯಾರೂ ಮುಟ್ಟಿರಲಿಲ್ಲ. ಈ ಸಲ ಬೇರೊಂದು ಪೆನ್‌ಡ್ರೈವ್ ಹಾಕಿ, ಸದ್ದನ್ನು ಅದರೊಳಗಿಳಿಸಿ, ತೆರೆದು ನೋಡಿ, ಆಮೇಲೆ ಗಣಪನನ್ನು ಬೀಳ್ಕೊಟ್ಟೆ.

ಈಗ ಆ ಸದ್ದು ಕೇಳುತ್ತಾ ನಿನ್ನ ಎದೆಯ ಮೇಲೆ ಕೈಯಿಟ್ಟಿದ್ದೇನೆ. ಆಗ ಕುದುರೆ ಓಟವಿತ್ತು. ಈಗ ಎಷ್ಟು ನಿಧಾನ! ಇನ್ನು ನಿನ್ನ ಮೂಗಿನ ಕೆಳಗೆ ಬೆರಳಿಡದೆ ಮಲಗಬಲ್ಲೆ.

ಹೊಸದೆಂದು ಯಾವುದಕ್ಕೂ ಹೆದರಬೇಡ ಮಗಳೇ, ಕರೆದು ಕೂರಿಸಿ ನೋಡು. ಕಳಿಸುವ ಮೊದಲು ಸರ ಮಾತ್ರ ತೆಗೆದಿಟ್ಟುಕೋ. ನೂರು ವರ್ಷ ಹೀಗೇ ಬಡಿಯಲಿ ನಿನ್ನೆದೆ.

ಈಗ ಮಲಗಲು ಹೊರಟ,
ನಿನ್ನ ಅಮ್ಮ ಶಾಲಿನಿ