ತೇಲಿದ ಕಾಳು

ಗಾಂಧಿನಗರ, ಬಳ್ಳಾರಿ
೧೪ ನವೆಂಬರ್ ೨೦೨೪

ಪ್ರೀತಿಯ ಕಾವೇರಿ,

ಹೇಗಿದ್ದೀಯ? ಕುರುಗೋಡಿನಲ್ಲಿ ನಿಮ್ಮಪ್ಪನವರ ಮಂಡಿನೋವು ಇಳಿಯಿತೇ? ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಕಾಗದ ಹಿಡಿದೆ. ಮದುವೆಯಾಗಿ ಆರು ವರ್ಷಕ್ಕೆ ಹೆಂಡತಿಗೆ ಮೊದಲ ಪತ್ರ. ಅಕ್ಷರ ನೋಡಿ ನಗು ಬಂದರೆ ನಗು, ನನಗೇನೂ ಬೇಜಾರಿಲ್ಲ. ಅವ್ವ ಆರಾಮಾಗಿದ್ದಾಳೆ, ಬಿ.ಪಿ. ಗುಳಿಗೆ ನುಂಗಲು ಮೊದಲಿನ ಹಾಗೆಯೇ ಕಾಡಿಸುತ್ತಾಳೆ.

ಆ ಭಾನುವಾರ ಸಿರುಗುಪ್ಪದಿಂದ ಸೋದರಮಾವ ಉಜ್ಜಿನಪ್ಪನ ಮನೆಮಂದಿ ಬಂದಿದ್ದರು. ಸೋನಾ ಅಕ್ಕಿ ಸಾಲದೆಂದು ನೀನು ರೇಷನ್ ಅಕ್ಕಿಯನ್ನು ನೀರಿಗೆ ಹಾಕಿದೆ. ನಾಲ್ಕು ಕಾಳು ತೇಲಿದವು. ಗದ್ದೆಯವರ ಮನೆಯಲ್ಲಿ ಹುಟ್ಟಿ ಬೆಳೆದ ಅವ್ವ, ‘ಪ್ಲಾಸ್ಟಿಕ್ ಅಕ್ಕಿ ಉಣ್ಣಿಸಾಕ ಹೊಂಟಾಳ ನೋಡ್ರಿ’ ಎಂದು ಕೂಗಿದಳು. ಎಲ್ಲರೂ ನನ್ನ ಕಡೆ ತಿರುಗಿದರು. ಲ್ಯಾಬಿನಲ್ಲಿ ಕೆಲಸ ಮಾಡುವ ದೊಡ್ಡ ಮನುಷ್ಯನಲ್ಲವೇ ನಾನು. ಒಂದು ಕಾಳನ್ನು ಬೆರಳಲ್ಲಿ ಹಿಚುಕಿ, ಪ್ಲಾಸ್ಟಿಕ್ಕೇ ಎಂದುಬಿಟ್ಟೆ. ‘ನಿಮ್ಮ ಮಷೀನಿನ್ಯಾಗ ಇಟ್ಟು ನೋಡ್ರಿ, ಆಮ್ಯಾಲೆ ಮಾತಾಡ್ರಿ’ ಅಂದೆ ನೀನು. ಅಷ್ಟು ಜನರ ಮುಂದೆ ನಾನು ಪಾತ್ರೆಯನ್ನೇ ಚರಂಡಿಗೆ ಸುರಿದೆ. ಮರುದಿನ ಬೆಳಿಗ್ಗೆ ನೀನು ತವರಿನ ಬಸ್ಸು ಹತ್ತಿದೆ.

ಲ್ಯಾಬಿನಲ್ಲಿ ಯಾರು ಏನು ತಂದರೂ ನಾನು ಕಣ್ಣನ್ನು ನಂಬುವುದಿಲ್ಲ. ಚೂರನ್ನು ಯಂತ್ರದ ಪುಟ್ಟ ಹರಳಿನ ಮೇಲೆ ಒತ್ತಿ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಹಾಯಿಸುತ್ತೇನೆ. ಒಂದೊಂದು ವಸ್ತುವೂ ಆ ಬೆಳಕಿನಲ್ಲಿ ತನ್ನ ಪಾಲನ್ನಷ್ಟೇ ನುಂಗುತ್ತದೆ. ನುಂಗಿದ ಕಡೆ ಪರದೆಯ ಗೆರೆ ತಗ್ಗುತ್ತದೆ. ಆ ತಗ್ಗುಗಳನ್ನು ಗೊತ್ತಿರುವ ವಸ್ತುವಿನ ಗೆರೆಗೆ ಹೋಲಿಸಿದರೆ ಇದು ಯಾವುದೆಂದು ತಿಳಿಯುತ್ತದೆ. ಚೀಲದಲ್ಲಿ ಉಳಿದ ಅಂಥದೇ ಕಾಳು, ಒಂದು ಸೋನಾ ಅಕ್ಕಿ, ಬಾಟಲಿ ಮುಚ್ಚಳದ ಚೂರು, ಮೂರನ್ನೂ ಇಟ್ಟು ನೋಡಿದೆ. ಮುಚ್ಚಳದ ಗೆರೆಯೇ ಬೇರೆ. ಕಾಳಿನ ಗೆರೆ ಸೋನಾದ ಗೆರೆಯ ಮೇಲೆ ಕೂತಿತು. ಜನರಿಗೆ ರಕ್ತ ಹೆಚ್ಚಲೆಂದು ಅಕ್ಕಿಹಿಟ್ಟಿಗೆ ಕಬ್ಬಿಣದ ಸತ್ವ ಬೆರೆಸಿ, ಅಕ್ಕಿಯ ಆಕಾರಕ್ಕೆ ಒತ್ತಿ, ಸರ್ಕಾರವೇ ರೇಷನ್ ಅಕ್ಕಿಗೆ ಸೇರಿಸುವ ಕಾಳಂತೆ ಅದು. ಊರಿನ ಯಾವ ಸಾಮಾನಿಗೂ ಪರೀಕ್ಷೆಯಿಲ್ಲದೆ ಸಹಿ ಹಾಕದವನು, ಹೆಂಡತಿಯದೇ ತಪ್ಪೆಂದು ಹಾಗೇ ಸಹಿ ಹಾಕಿದೆ. ನನಗೆ ನಾಚಿಕೆಯಾಗಿದೆ, ಕಾವೇರಿ. ನಿನ್ನೆ ಅವ್ವನಿಗೂ ಹೇಳಿದೆ. ‘ಆಕಿ ಆವತ್ತೇ ಅಂದಿದ್ಲಲ್ಲೋ’ ಎಂದಳು. ನೀನು ಮನೆಗೆ ಬರಬೇಕು, ನನಗೆ ಬೇರೇನೂ ಬೇಡ.

ಅತ್ತೆ ಮಾವನವರಿಗೆ ನಮಸ್ಕಾರ ತಿಳಿಸು, ಅವರು ನನ್ನ ನಮಸ್ಕಾರ ಒಪ್ಪುವುದಾದರೆ.

ನಿನ್ನವನೇ,
ಕರಿಬಸವ

ಮ.ವಿ.: ಅಂಚೆಗೆ ಹೊತ್ತಾಯಿತು, ಆದರೂ ಇದನ್ನು ಬರೆಯದೆ ಲಕೋಟೆ ಮುಚ್ಚಲಾರೆ. ಮೂರು ಗೆರೆಗಳ ಪ್ರಿಂಟನ್ನು ಜೊತೆಗಿಟ್ಟಿದ್ದೇನೆ. ಮೂಲೆಯಲ್ಲಿ ಜೂನ್ ೧೧ ಎಂದಿದೆ. ಅದು ಯಂತ್ರದ ತಪ್ಪಲ್ಲ. ನೀನು ಹೋದ ಮರುದಿನವೇ ಇಟ್ಟು ನೋಡಿದ್ದೆ. ಉಜ್ಜಿನಪ್ಪ ಮಾವನ ಮುಂದೆ ಆಡಿದ ಮಾತು ಹಿಂತೆಗೆಯಲಾಗದೆ ಐದು ತಿಂಗಳು ಬೀರುವಿನಲ್ಲಿ ಮುಚ್ಚಿಟ್ಟೆ. ಇವತ್ತು ತಾರೀಖಿನ ಮೂಲೆ ಕತ್ತರಿಸಿ ಕಳಿಸೋಣವೆಂದು ಕತ್ತರಿಯನ್ನೂ ತಂದಿದ್ದೆ. ಕತ್ತರಿಸಲಿಲ್ಲ. ಇದನ್ನು ಓದಿದ ಮೇಲೂ ಬರುವ ಮನಸ್ಸಾದರೆ ಬಾ.