ಲೋಟದಲ್ಲಿ ಕೂತ ಕರಿಮಣ್ಣು

ಕೆಂಗುಡ್ಡ ಡ್ಯಾಮ್ ಕ್ವಾರ್ಟರ್ಸ್,
ಬಂಡ್ರಿ ದಾರಿ, ಸಂಡೂರು ತಾಲ್ಲೂಕು
14-10-2025, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಅಪ್ಪಾ,

ಮೊಣಕಾಲು ಹೇಗಿದೆ? ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದೀಯಾ, ಇಲ್ಲಾ ಬಾಟಲಿಯನ್ನು ತಲೆದಿಂಬಿನ ಕೆಳಗೆ ಬಚ್ಚಿಟ್ಟು ಹಚ್ಚಿದೆ ಅನ್ನುತ್ತಿದ್ದೀಯಾ? ಕಿವಿಯ ಮಿಷನ್ನು ಹಾಕಿಕೋ ಅಂದರೆ "ಕಿವ್ಯಾಗ ಜೀರುಂಡಿ ಕುಂತಂಗ ಆಗತೈತಿ" ಅಂದು ಡಬ್ಬಿಗೆ ಹಾಕಿದೆಯಂತೆ, ಊರಮ್ಮಕ್ಕ ಫೋನಿನಲ್ಲಿ ಗೊಣಗುತ್ತಿದ್ದಳು. ಅಕ್ಕನ ಮನೆಯ ಊಟ ಒಗ್ಗಿತಾ? ಕಂಪ್ಲಿಯ ಅನ್ನ ಮೆತ್ತಗಿರುತ್ತದೆ, ನಿನ್ನ ಹಲ್ಲುಸೆಟ್ಟಿಗೆ ಒಳ್ಳೆಯದು. ಕಾಗದ ಬರೆಯುವಾಗ 'ನೀವು' ಅನ್ನಬೇಕು ಅಂತ ಶಾಲೆಯಲ್ಲಿ ಕಲಿಸಿದ್ದರು. ಎದುರಿಗೆ ನೀನು ಅನ್ನುವವಳು ಇಲ್ಲಿ ನೀವು ಅಂದರೆ ನೀನೇ ಹೆದರುತ್ತೀಯ. ಈಗ ಮನೆಯಲ್ಲಿ ಹೆದರುವವಳು ನಾನೊಬ್ಬಳೇ ಸಾಕು.

ಹೌದು ಅಪ್ಪ, ನನಗೆ ಭಾಳ ಹೆದರಿಕೆಯಾಗಿದೆ. ಫೋನಿನಲ್ಲಿ ಹೇಳೋಣವೆಂದರೆ ನೀನು ಹಲೋ ಹಲೋ ಅನ್ನುವುದರಲ್ಲೇ ಕಾಲ ಕಳೆಯುತ್ತೀಯ. ಅಕ್ಕನ ಬಾಯಲ್ಲಿ ಹೇಳಿಸಿದರೆ ಸಂಜೆಯೊಳಗೆ ಕಂಪ್ಲಿ ಸಂತೆಗೆಲ್ಲ ಗೊತ್ತಾಗಿರುತ್ತದೆ. ಅದಕ್ಕೇ ಕಂಡಕ್ಟರ್ ಗಾಳೆಪ್ಪನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಜೊತೆಗೆ ಚೀಲದಲ್ಲಿ ಒಂದು ಬಾಟಲಿ ನೀರಿದೆ. ಅಕ್ಕ ತೀರ್ಥವೆಂದು ಎಲ್ಲರ ತಲೆಗೂ ಚಿಮುಕಿಸಿಯಾಳು, ಮೊದಲು ಅದನ್ನು ಕಸಿದುಕೊ. ಗಾಜಿನ ಲೋಟಕ್ಕೆ ಸುರಿದು ಕಿಟಕಿಯಲ್ಲಿಟ್ಟು ಯಾರೂ ಮುಟ್ಟದಂತೆ ನೋಡಿಕೊ. ಈ ಕೆಲಸ ನನಗೆ ಕಲಿಸಿದವನೇ ನೀನು.

ನೆನಪಿದೆಯಾ, ಪ್ರತಿ ಅಮಾವಾಸ್ಯೆ ಹುಣ್ಣಿಮೆಗೆ ನೀನು ಏರಿಯ ಹೊರಬದಿಯ ಅರವತ್ತೆರಡು ಮೆಟ್ಟಿಲು ಇಳಿದು, ಬುಡದಲ್ಲಿ ಜಿನುಗುವ ನೀರನ್ನು ಲೋಟದಲ್ಲಿ ಹಿಡಿದು ತಂದು ದೇವರ ಗೂಡಿನ ಪಕ್ಕ ಇಡುತ್ತಿದ್ದೆ. ನಾನು ಒಮ್ಮೆ ಹೊಲಸು ನೀರು ಅಂತ ಚೆಲ್ಲಿ ಲೋಟ ತೊಳೆದಿಟ್ಟಾಗ ಬೆನ್ನ ಮೇಲೆ ಬಿದ್ದ ಏಟು ಇನ್ನೂ ಚುರುಗುಟ್ಟುತ್ತದೆ. ಮರುದಿನ ಬೆಳಿಗ್ಗೆ ಲೋಟವನ್ನು ಬೆಳಕಿಗೆ ಹಿಡಿದು ತಳ ನೋಡಿ, ರಿಜಿಸ್ಟರಿನಲ್ಲಿ ದುಂಡಗೆ 'ಸ್ವಚ್ಛ' ಅಂತ ಬರೆಯುತ್ತಿದ್ದೆ. ಡ್ಯಾಮು ಜಿನುಗಿದರೆ ತಪ್ಪಿಲ್ಲ, ಮಣ್ಣು ಹೊತ್ತು ತಂದರೆ ಮಾತ್ರ ಏರಿಯ ಹೊಟ್ಟೆಯೊಳಗೆ ತೂತು ಬಿದ್ದಿದೆ ಅಂತ ಅರ್ಥ ಅಂತಿದ್ದೆ. ಹೋದ ವರ್ಷ ಹೊಸಪೇಟೆಯ ದೊಡ್ಡ ಡ್ಯಾಮಿನ ಗೇಟು ಕೊಚ್ಚಿಕೊಂಡು ಹೋದಾಗ ಊರೆಲ್ಲ ಟಿವಿ ಮುಂದೆ ಕೂತಿತ್ತು. ನೀನೊಬ್ಬನೇ ಎದ್ದು ಹೊರಗೆ ಹೋಗಿ ಅಂದೆ: "ಗೇಟ್ ಹೋದ್ರ ಊರಿಗೆಲ್ಲಾ ಕೇಳತೈತಿ ಮಗಳ, ಮಣ್ಣು ಹೋದ್ರ ಯಾರಿಗೂ ಕೇಳಂಗಿಲ್ಲ." ಕಿವುಡನ ಮಾತು ಅಂತ ನಾನು ನಕ್ಕಿದ್ದೆ. ಈಗ ನಗು ಬರುತ್ತಿಲ್ಲ.

ಶ್ರಾವಣದಲ್ಲಿ ನಿನ್ನ ಡ್ಯಾಮ್ ಕಾವಲಿನ ಕೆಲಸ ನನ್ನ ಕೈಗೆ ಬಂತಲ್ಲ, ಅಂದಿನಿಂದ ನಾನು ಮಾಡಿದ್ದನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ಎರಡು ತಿಂಗಳು ನಾನು ಆ ಮೆಟ್ಟಿಲು ಇಳಿಯಲೇ ಇಲ್ಲ. ಜಾಲಿ ಮುಳ್ಳು ಮುಚ್ಚಿಕೊಂಡಿತ್ತು, ಹಾವಿದ್ದಾವೆಂದು ಬೇರೆ ಹೇಳುತ್ತಿದ್ದರು. ಏರಿಯ ಮೇಲೆ ನಿಂತು ಬಗ್ಗಿ ನೋಡುತ್ತಿದ್ದೆ. ಕಾಲುವೆಯಲ್ಲಿ ನೀರು ಕೆಂಪಗೆ ಹರಿಯುತ್ತಿತ್ತು. ನಮ್ಮ ಕಡೆ ಕೆಂಪು ಯಾರ ಕಣ್ಣಿಗೆ ಬೀಳುತ್ತದೆ ಹೇಳು? ಬೇವಿನೆಲೆ ಕೆಂಪು, ಬಿಳಿ ಎತ್ತು ಕೆಂಪು, ನನ್ನ ಗಂಡ ಲಿಂಗರಾಜ್ ತೋರಣಗಲ್ಲಿನಿಂದ ಶಿಫ್ಟ್ ಮುಗಿಸಿ ಬಂದರೆ ಹುಬ್ಬೂ ಕೆಂಪು. ಮೈನ್ಸಿನ ಧೂಳು ಅಂದುಕೊಂಡು 'ಎಂದಿನಂತೆ' ಅಂತ ಬರೆದು ಅಡುಗೆಗೆ ಓಡುತ್ತಿದ್ದೆ.

ನನ್ನ ಕಣ್ಣು ತೆರೆಸಿದವಳು ಕೆಳಗಿನ ಓಣಿಯ ವಿರುಪಮ್ಮ. ಹೋದ ಮಂಗಳವಾರ ಒದ್ದೆ ಪಂಚೆ ಹಿಡಿದುಕೊಂಡು ಬಾಗಿಲಿಗೇ ಬಂದಳು. "ಕೆಂಪಾದ್ರ ನಾ ಕೇಳತಿದ್ದಿಲ್ಲವ್ವ, ಹುಟ್ಟಿದಾಗಿಂದ ಕೆಂಪು ಒಗದೀನಿ. ಇದು ಕರ್ರಗ ಆಗೈತಿ ನೋಡು. ನಿನ್ ಡ್ಯಾಮಿಗೆ ಏನಾಗೈತಿ?" ಪಂಚೆಯ ಅಂಚಿನಲ್ಲಿ ಜಿಗುಟಾದ ಕರಿ ಕೆಸರಿತ್ತು. ಅವಳು ಹೋದ ಮೇಲೆ ನಾನು ಮಚ್ಚು ತೆಗೆದುಕೊಂಡು ಜಾಲಿ ಕಡಿಯುತ್ತಾ ಇಳಿದೆ. ಕಾಂಡಗಳು ಮುಂಗೈ ದಪ್ಪ ಇದ್ದವು, ಅರವತ್ತೆರಡು ಮೆಟ್ಟಿಲಿಗೆ ಮಧ್ಯಾಹ್ನವಾಯಿತು. ಬುಡದಲ್ಲಿ ಮೊದಲು ಬೆರಳು ಗಾತ್ರ ಬರುತ್ತಿದ್ದ ನೀರು ಈಗ ತೋಳಿನ ಗಾತ್ರ ಬರುತ್ತಿದೆ.

ನಿನ್ನ ಲೋಟ ಹುಡುಕಿದೆ. ಹಲ್ಲುಸೆಟ್ಟು ಇಟ್ಟೂ ಇಟ್ಟೂ ಅದರ ಒಳಗೆ ಬಿಳಿ ಗೆರೆ ಕಟ್ಟಿತ್ತು, ಬೂದಿ ಹಾಕಿ ತಿಕ್ಕಿದೆ. ನೀರು ಹಿಡಿದು ತಂದು ಇಟ್ಟೆ. ಬೆಳಿಗ್ಗೆ ನೋಡಿದರೆ ತಳದಲ್ಲಿ ಧೂಳಿನ ಕೆಂಪು, ಅದರ ಮೇಲೆ ಹಾಲಿನ ಕೆನೆಯಷ್ಟು ದಪ್ಪ ಕರಿಮಣ್ಣು. ಕೆಂಗುಡ್ಡದಲ್ಲಿ ಕರಿಮಣ್ಣು ಎಲ್ಲಿದೆ ಅಪ್ಪ? ಏರಿಯ ಹೊಟ್ಟೆಯೊಳಗೆ ಮಾತ್ರ ಇದೆ. ಇಲ್ಲಿಯ ಕೆಂಪು ಮಣ್ಣು ನೀರು ಹಿಡಿಯುವುದಿಲ್ಲ ಅಂತ ಏರಿ ಕಟ್ಟುವಾಗ ತಾತ ಕಂಪ್ಲಿ ಕಡೆಯ ಎರೆ ಹೊಲಗಳಿಂದ ಬಂಡಿಯಲ್ಲಿ ಹೇರಿಕೊಂಡು ಬಂದು ತುಂಬಿದ ಮಣ್ಣು ಅದು. ಅದೇ ಮಣ್ಣನ್ನು ಈಗ ನಾನು ಬಾಟಲಿಯಲ್ಲಿ ತುಂಬಿ ಕಂಪ್ಲಿಗೆ ಕಳಿಸುತ್ತಿದ್ದೇನೆ. ದಿನಾ ಒಂದೊಂದು ಲೋಟ ಇಟ್ಟೆ. ಏಳು ದಿನದಲ್ಲಿ ಆ ಕೆನೆ ಒಂದು ಬೆರಳು ದಪ್ಪವಾಗಿದೆ.

ಗುರುವಾರ ನೀರಾವರಿ ಇಲಾಖೆಯ ಸಾಹೇಬರು ಜೀಪಿನಲ್ಲಿ ಬಂದರು. ಕೆಟ್ಟವರೇನಲ್ಲ, ಮೈಸೂರು ಕಡೆಯವರು, ನನಗೂ ಅಮ್ಮ ಅಂತಲೇ ಕರೆಯುತ್ತಾರೆ. ಏರಿಯ ಮೇಲಿಂದ ನೋಡಿ "ಮೈನ್ಸ್ ಧೂಳಮ್ಮ, ಇಲ್ಲಿ ಎಲ್ಲಾ ಹಿಂಗೇ ಅಲ್ವಾ" ಅಂದರು. ನಾನು ಲೋಟ ತೋರಿಸಿದೆ. ರಿಜಿಸ್ಟರ್ ತೆಗೆದು ಹಿಂದಿನ ಹಾಳೆಗಳನ್ನೆಲ್ಲ ತಿರುವಿದರು. ತೂಬು ತೆಗೆದು ನೀರು ಇಳಿಸಿದರೆ ಬೇಸಿಗೆಯಲ್ಲಿ ಏಳು ಊರಿಗೆ ಕುಡಿಯುವ ನೀರಿರುವುದಿಲ್ಲ, ಮೇಲಿನವರು ಆಧಾರ ಕೇಳುತ್ತಾರೆ ಅಂದರು. "ನೋಡಿ, ನಿಮ್ಮಪ್ಪನೇ ಈ ಶ್ರಾವಣದವರೆಗೆ ಸ್ವಚ್ಛ ಅಂತ ಬರೆದಿದ್ದಾರೆ. ಅಷ್ಟು ವರ್ಷದ ಅನುಭವಸ್ಥರು. ಇದು ಎರಡು ತಿಂಗಳಲ್ಲಿ ಶುರುವಾಗಿರೋ ಸಣ್ಣ ತೊಂದರೆ, ದೀಪಾವಳಿ ಆದ್ಮೇಲೆ ನೋಡೋಣ." ಜೀಪು ಹೊರಟುಹೋಯಿತು. ಡ್ಯಾಮು ತುಂಬಿ ನಿಂತಿದೆ, ಇನ್ನೂ ಮಳೆ ಬರುವ ಮೋಡವಿದೆ.

ಆವತ್ತಿನಿಂದ ನಾನು ನೆಟ್ಟಗೆ ಉಂಡಿಲ್ಲ. ಯಶವಂತನಗರದ ಕಡೆಯಿಂದ ಲೋಡ್ ಲಾರಿ ಬಂದರೆ ಮನೆಯ ತಟ್ಟೆ ಗಲಗಲ ಅನ್ನುತ್ತದೆ, ನಾನು ಕೂತಲ್ಲಿಂದ ಎದ್ದು ನಿಲ್ಲುತ್ತೇನೆ. ಕೆಳಗಿನ ಓಣಿಯಲ್ಲಿ ನಲವತ್ತು ಮನೆ. ವಿರುಪಮ್ಮನ ಸೊಸೆ ಬಾಣಂತಿ. ಲಿಂಗರಾಜ್ "ನೀ ಒಬ್ಬಾಕಿ ಹೇಳಿದ್ರ ಯಾರ್ ಕೇಳ್ತಾರ, ಮಾವನ್ನ ಕರಸು" ಅಂತಾನೆ. ನಿನ್ನನ್ನು ಕರೆಸಲು ಮನಸ್ಸಿಲ್ಲ. ಈ ಮನೆಯೂ ಏರಿಯ ಕೆಳಗೇ ಇದೆಯಲ್ಲ. ದೀಪಾವಳಿಗೂ ಬರಬೇಡ, ಅಕ್ಕನ ಮನೆಯಲ್ಲೇ ಇರು. ವಿರುಪಮ್ಮನಿಗೆ ನಿಜ ಹೇಳಿದ್ದೇನೆ. ಇವತ್ತೇ ಬಾಣಂತಿಯನ್ನೂ ಮಕ್ಕಳನ್ನೂ ಮೊದಲು ದಿಬ್ಬದ ಶಾಲೆಗೆ ಸಾಗಿಸುತ್ತೇವೆ. ಹುಚ್ಚಿ ಅಂದರೆ ಅನ್ನಲಿ.

ಅಕ್ಕನಿಗೆ, ಭಾವನಿಗೆ ನನ್ನ ನಮಸ್ಕಾರ ತಿಳಿಸು. ಬಾಟಲಿ ಏನೆಂದು ಅಕ್ಕ ಕೇಳಿದರೆ ಮೊಣಕಾಲಿನ ಔಷಧಿ ಅನ್ನು. ನಿನ್ನ ಕಾಲಿಗೆ ಇಲ್ಲಿಂದಲೇ ಬಿದ್ದೆ ಅಂದುಕೊ, ನೋಯದ ಕಾಲಿಗೆ.

ನಿನ್ನ ಚಿಕ್ಕ ಮಗಳು,
ದೇವಿಕಾ

ತಾ.ಕ.: ಗಾಳೆಪ್ಪನ ಬಸ್ಸಿನ ಹಾರ್ನ್ ಕೇಳುತ್ತಿದೆ, ಬೇಗ ಬರೆಯುತ್ತೇನೆ. ಜಾಲಿ ಎರಡು ತಿಂಗಳಲ್ಲಿ ಮುಂಗೈ ದಪ್ಪ ಬೆಳೆಯುವುದಿಲ್ಲ ಅಪ್ಪ. ನಿನಗೆ ಹಲ್ಲುಸೆಟ್ಟು ಬಂದದ್ದು ಹೋದ ವರ್ಷದ ಯುಗಾದಿಗೆ, ಅವತ್ತಿನಿಂದ ಆ ಲೋಟ ಅದಕ್ಕೇ ಇತ್ತು. ನಿನ್ನ ಮೊಣಕಾಲು ಅರವತ್ತೆರಡು ಮೆಟ್ಟಿಲು ಇಳಿಯುವ ಸ್ಥಿತಿಯಲ್ಲಿರಲಿಲ್ಲ ಅಂತ ನನಗೆ ಗೊತ್ತು. ಕೆಲಸ ಹೋದೀತೆಂದು ನೀನು ಹೇಳಲಿಲ್ಲ ಅಂತಲೂ ಗೊತ್ತು. ನಾನು ಬೈಯುವುದಿಲ್ಲ, ನಾನೂ ಅದನ್ನೇ ಮಾಡಿದವಳು. ಆದರೆ ನೀನು ಬರೆದ 'ಸ್ವಚ್ಛ'ವನ್ನು ನಂಬಿ ಅವರು ತೂಬು ತೆಗೆಯುತ್ತಿಲ್ಲ. ಕೊನೆಯ ಸಲ ಕೆಳಗಿಳಿದು ಕಣ್ಣಾರೆ ನೋಡಿದ್ದು ಯಾವತ್ತು? ಆ ತಾರೀಖನ್ನು ಒಂದು ಚೀಟಿಯಲ್ಲಿ ಬರೆದು, ಸಹಿ ಹಾಕಿ, ಗಾಳೆಪ್ಪ ತಿರುಗಿ ಹೊರಡುವಾಗ ಅವನ ಕೈಗೆ ಕೊಡು. ರಿಜಿಸ್ಟರಿನಲ್ಲಿ ನನ್ನ 'ಎಂದಿನಂತೆ'ಗಳಿಗೆಲ್ಲ ಗೆರೆ ಎಳೆದು, ನೋಡದೆ ಬರೆದೆ ಅಂತ ಬರೆದು ಸಹಿ ಮಾಡಿದ್ದೇನೆ. ಅದರ ಕೆಳಗೆ ನಿನ್ನ ಚೀಟಿ ಅಂಟಿಸಲು ಎರಡು ಸಾಲು ಜಾಗ ಬಿಟ್ಟಿದ್ದೇನೆ.