ಮೂರನೇ ಸಲ ಬಿಚ್ಚಿದ ಎಳೆ

ಅಕ್ಕಾ,

ಮೊದಲೇ ಹೇಳಿಬಿಡುತ್ತೇನೆ, ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಸಮಾಧಾನ ಮಾಡಲು ನೀನಿಲ್ಲ, ಅದಕ್ಕೂ ಸಿಟ್ಟು.

ಹೋದ ವಾರ ಬೆಳಗಾವಿಯಲ್ಲಿ ನಿನ್ನ ನೆನಪಿನ ಕಾರ್ಯಕ್ರಮವಿತ್ತು. ನಾಲ್ಕು ವರ್ಷ ಕೂತು ಒಂದೊಂದೇ ಚಿತ್ರ ಬರೆದು ನೀನು ಮಾಡಿದ ಹದಿನಾರು ನಿಮಿಷದ ಅನಿಮೇಷನ್ ಸಿನಿಮಾ ಹಾಕಿದರು. ಮಗ್ಗದ ಮುಂದೆ ಒಬ್ಬ ಹೆಂಗಸು ನೇಯ್ದು ಮುಗಿದ ಹಳೇ ಹಾಸಿನ ಉದ್ದನೂಲುಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸುತ್ತಾಳೆ. ನಮ್ಮ ವಡಗಾವಿಯಲ್ಲಿ ಕೆಚ್ಚುವುದು ಅನ್ನುತ್ತೇವಲ್ಲ, ಅದೇ. ಕೊನೆಯ ಎಳೆ ಕೂಡಿತು ಅನ್ನುವಾಗ ಮೊದಲನೆಯದು ಬಿಚ್ಚುತ್ತದೆ, ಹಿಂದೆಯೇ ಎಲ್ಲವೂ. ಮತ್ತೆ ಮೊದಲಿಂದ, ಹೀಗೆ ಮೂರು ಸಲ. ಹಾಡಿಲ್ಲ, ಮಾತಿಲ್ಲ. ಆದರೆ ಅವತ್ತು ಎಳೆ ಒಂದೇ ಸಲ ಬಿಚ್ಚಿತು, ಸಿನಿಮಾ ಮುಗಿಯಿತು. ಆರೇ ನಿಮಿಷ! ಜನ ಚಪ್ಪಾಳೆ ತಟ್ಟಿದರು.

ಸಂಘಟಕನನ್ನು ಹಿಡಿದು ಕೇಳಿದೆ.

"ಒಂದ ಸೀನ್ ಮೂರ ಸಲ ಬಂದಿತ್ತರಿ ಮೇಡಂ. ಕಂಪ್ಯೂಟರ್ ತಪ್ಪಿರಬೇಕಂತ ಎರಡ ತಗದೇನ್ರಿ."

ದೊಡ್ಡ ಉಪಕಾರ ಮಾಡಿದವನ ಹಾಗೆ ನಿಂತಿದ್ದ. ಪೂರ್ತಿ ಹಾಕಿದ್ದರೆ ಯಾರು ಕೂತಿರುತ್ತಿದ್ದರು ಅಂತ ನನಗೇ ಬುದ್ಧಿ ಹೇಳಿದ. ಸತ್ತವಳ ಕೆಲಸಕ್ಕೆ ಕತ್ತರಿ ಹಾಕಲು ಇವನ್ಯಾರು? ಬಾಯಿಗೆ ಬಂದಂತೆ ಬೈದೆ.

ಬೈಯುವಾಗಲೇ ನಾಲಿಗೆ ತಡವರಿಸಿತು. ಖಾನಾಪುರದ ಹಾಲ್‌ನಲ್ಲಿ ನೀನು ಇದನ್ನು ಮೊದಲ ಸಲ ತೋರಿಸಿದ ದಿನ ನೆನಪಿದೆಯಾ? ಎರಡನೇ ಸಲ ಎಳೆ ಬಿಚ್ಚಿದಾಗ ನನಗೆ ಮೈಯೆಲ್ಲ ಉರಿಯಿತು. ನೋಡುವವರನ್ನು ಹೀಗೆ ಗೋಳು ಹೊಯ್ದುಕೊಳ್ಳುವುದು ಯಾವ ಸೀಮೆಯ ಕಲೆ? ಸದ್ದಿಲ್ಲದೆ ಎದ್ದುಹೋಗಿ ರೈಲು ಹತ್ತಿದೆ. ದೇಸೂರು ಸ್ಟೇಷನ್ ದಾಟುವಾಗ ನಿನ್ನ ಫೋನು. ಚಂದ ಐತಿ ಅಂದೆ ನಾನು.

"ಕಡೀತನಕ ನೋಡಿದಿ?" ಎಂದು ಕೇಳಿದೆ ನೀನು.

ಹೂಂ ಅಂದುಬಿಟ್ಟೆ. ನೀನು ಮತ್ತೇನೂ ಕೇಳಲಿಲ್ಲ. ಆಮೇಲೆ ಕೇಳಲು ನೀನೇ...

ನಿನ್ನೆ ಮಧ್ಯಾಹ್ನ ಬಾಜೂ ಮನೆಯ ಗಂಗವ್ವನ ಮಗ್ಗದ ಶೆಡ್ಡಿನಲ್ಲಿ ಚಾದರ ಕಟ್ಟಿ ನೀನು ಬಿಟ್ಟುಹೋದ ಪ್ರತಿಯನ್ನು ಪೂರ್ತಿ ಹಾಕಿಸಿದೆ. ಗಂಗವ್ವ ಗೊತ್ತಲ್ಲ, ನಮ್ಮ ಅವ್ವನ ಜೋಡಿ ಕೂತು ಕೆಚ್ಚಿದವಳು. ಒಬ್ಬರೂ ಏಳಲಿಲ್ಲ ಅಕ್ಕಾ. ಹೆಂಗಸರ ಬೆರಳುಗಳು ಮಡಿಲಲ್ಲೇ ಎಳೆ ಹೊಸೆಯುತ್ತಿದ್ದವು. ಎರಡನೇ ಸಲ ಬಿಚ್ಚಿದಾಗ ಯಾರೋ ಹಾಳಾಗಿಹೋಗಲಿ ಅಂತ ಬೈದರು, ಬೈದು ಮತ್ತೆ ನೋಡಿದರು. ಮೂರನೇ ಸಲ ಶುರುವಾದಾಗ ಗಂಗವ್ವ ನನ್ನ ಮೊಳಕೈ ಹಿಡಿದಳು.

"ಈ ಸಲ ಆಕಿ ಎಳಿ ನೋಡವಲ್ಲಳು. ಬೆರಳಿಲೆ ಹುಡಕಾಕತ್ತಾಳ. ಕಣ್ಣ ಹೋಗ್ಯಾವು ಆಕೀವು. ನಿಮ್ಮವ್ವ ಅದಾಳವಾ ಈಕಿ."

ಒಂದೇ ಸೀನ್ ಅಂತೆ! ಅವ್ವ ಕಣ್ಣು ಮಂಜಾದದ್ದನ್ನು ಮುಚ್ಚಿಟ್ಟು ಕೆಚ್ಚುತ್ತಲೇ ಇದ್ದಳು. ನಮಗೆ ತಿಳಿಯುವಷ್ಟರಲ್ಲಿ ಪೂರಾ ಕತ್ತಲಾಗಿತ್ತು. ಒಂದೇ ಮನೆಯಲ್ಲಿದ್ದೂ ನಾವು ನೋಡಲಿಲ್ಲ. ಅದಕ್ಕೇ ಅಲ್ಲವೇ ನೀನು ನಮ್ಮನ್ನು ಅಷ್ಟು ಹೊತ್ತು ಕೂರಿಸಿ ಬೇಸರಪಡಿಸಿದ್ದು? ನನಗಾದರೂ ಬಾಯಿಬಿಟ್ಟು ಹೇಳಬಾರದಿತ್ತೇ? ಕಡೆಯವರೆಗೆ ಕೂತರೆ ಇವಳಿಗೇ ತಿಳಿಯುತ್ತದೆ ಅಂದುಕೊಂಡೆಯಾ?

ನಾನು ಕೂತಿರಲಿಲ್ಲ ಅಕ್ಕಾ. ಚಂದ ಐತಿ ಅಂದದ್ದೂ ಸುಳ್ಳು. ನಿನ್ನೆ ಕೂತೆ, ಅತ್ತುಬಿಟ್ಟೆ.

ಬರುವ ಭಾನುವಾರ ಖಾನಾಪುರದ ಅದೇ ಹಾಲ್‌ನಲ್ಲಿ ಹದಿನಾರೂ ನಿಮಿಷ ಹಾಕಿಸುತ್ತಿದ್ದೇನೆ. ಬಾಗಿಲ ಪಕ್ಕದ ಕುರ್ಚಿ ನನ್ನದು. ಎರಡನೇ ಸಲ ಎಳೆ ಬಿಚ್ಚಿದಾಗ ಎದ್ದು ಬಂದವರಿಗೆ ಹೇಳುತ್ತೇನೆ: "ನಾನೂ ಇಲ್ಲೇ ಎದ್ದ ಹೋಗಿದ್ನಿರಿ. ಕುಂದರ್ರಿ."